ಹದಿನೆಂಟರ ಎಲೆ

ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ನೆಲ ಬಿಟ್ಟಿರಲಿಲ್ಲ.
ಫಿಯಟ್ಟನ್ನು ತಳ್ಳಿಕೊಂಡೇ ತಂದೆವು, ನಾನು ಮತ್ತು ಡೋಲಿನ ಹುಡುಗ.
ನಿನ್ನೆ ಹರಿಹರದ ಮೆರವಣಿಗೆಯಲ್ಲಿ
ಮದುಮಗನನ್ನು ಕೂರಿಸಿಕೊಂಡು ನಾಲ್ಕು ಸಲ ನಿಂತಿತ್ತು.
ನಾಲ್ಕನೇ ಸಲ ಮದುಮಗನೇ ಇಳಿದು
ಬಾಸಿಂಗ ಒಂದು ಕೈಲಿ ಹಿಡಿದು ತಳ್ಳಿದ.
ಬ್ಯಾಂಡಿನವರು ನಾವು; ಬಾರಿಸುತ್ತಲೇ ಇದ್ದೆವು.

ಗೌಸ್‌ಪೀರ್ ಬಾನೆಟ್ ಎತ್ತಿದ.
ಅವನಿಗೆ ಕಿವಿ ಕೇಳುವುದಿಲ್ಲ.
ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ.
ಬಾಗಿಲು ಹಾಕಿದ ದಿನ ಸೈರನ್ ಕೂಗಿತೋ ಇಲ್ಲವೋ
ಇವತ್ತಿಗೂ ಗೊತ್ತಿಲ್ಲ.
ನನ್ನ ತುಟಿ ನೋಡುತ್ತಾನೆ. ಕ್ಲಾರಿನೆಟ್ ಊದಿ ಊದಿ
ದಪ್ಪಗಾಗಿದೆ, ಓದಲು ಸಲೀಸಂತೆ.
ಹೆಸರು ಬಿಟ್ಟು ‘ಪೀಪಿ’ ಎನ್ನುತ್ತಾನೆ.

ಎರಡು ಕ್ಲಿಪ್ಪು ಬಿಡಿಸಿ ಕ್ಯಾಪ್ ತೆಗೆದ. ರೋಟರ್ ಕಿತ್ತು
ಅಂಗಿ ಜೇಬಿಗೆ ಹಾಕಿಕೊಂಡ, ಬೀಡಿ ಕಟ್ಟಿನ ಪಕ್ಕ.
ಒಳಗೆ ಪಾಯಿಂಟು:
ಉಗುರಿನ ತುದಿಯಷ್ಟು ಎರಡು ಮುಖ, ಎದುರುಬದುರು.
ಒಂದರಲ್ಲಿ ಗುಂಡಿ. ಇನ್ನೊಂದರಲ್ಲಿ ಗುಡ್ಡ.
‘ಇದರದು ಅದಕ್ಕ ಹೋಗೈತಿ ನೋಡು, ಚೂರುಚೂರೇ.
ಯಾರೂ ಕದ್ದಿಲ್ಲ. ಕಂಡೆನ್ಸರ್ ಬಲ ಕಳಕೊಂಡೈತಿ.’

ಅರ ಹಿಡಿದು ಗುಡ್ಡ ತೀಡಿದ. ಗುಂಡಿಯನ್ನು ಹಾಗೇ ಬಿಟ್ಟ;
ತಳ ಹುಡುಕುತ್ತ ಹೋದರೆ ಲೋಹವೇ ಉಳಿಯುವುದಿಲ್ಲ.
ಒರೆಸಲು ಗಟ್ಟಿ ಕಾಗದ ಬೇಕಿತ್ತು.
ಡ್ಯಾಶಿನಲ್ಲಿದ್ದ ಲಗ್ನಪತ್ರಿಕೆ ಕೊಟ್ಟೆ.
ಅರಿಶಿನ ಹತ್ತಿದ ಮೂಲೆ ಬಿಟ್ಟು
‘ಆಗಮನಾಭಿಲಾಷಿಗಳು’ ಇರುವ ಕಡೆ ಹರಿದ.
ಎರಡು ಮುಖಗಳ ನಡುವೆ ಎಳೆದಾಗ
ಯಾರೋ ಸೋದರಮಾವನ ಹೆಸರಿನ ಮೇಲೆ ಕಪ್ಪು ಗೆರೆ.

ಫ್ಯಾನ್ ಬೆಲ್ಟ್ ಹಿಡಿದು ನಾನು ಎಂಜಿನ್ ತಿರುಗಿಸಿದೆ.
ಕ್ಯಾಮಿನ ಮೂಲೆ ಎದ್ದು ಪಾಯಿಂಟು ಪೂರ್ತಿ ತೆರೆದಾಗ
ನಿಲ್ಲು ಎಂದು ಕೈ ಎತ್ತಿದ.
ಫೀಲರ್ ಗೇಜಿನಲ್ಲಿ ಹದಿನೆಂಟರ ಎಲೆ ಬಿಚ್ಚಿ
ಸಂದಿಗೆ ತೂರಿಸಿದ.
ಹಿಡಿಯಬಾರದು, ಜಾರಬಾರದು:
ನೆನೆದ ನೂಲಿನ ಮೇಲೆ ಬೆರಳು ಎಳೆದಷ್ಟೇ ತಡೆ.
ಸ್ಕ್ರೂ ಬಿಗಿದ. ಬಿಗಿಯುವಾಗಲೇ ಸಂದು ಅಲುಗಿತು.
ಸಡಿಲಿಸಿದ. ಮತ್ತೆ ಎಲೆ. ಮತ್ತೆ ಬಿಗಿ.
ಮೂರನೇ ಸಲಕ್ಕೆ ಬೈದ, ಯಾರಿಗೆ ಅಂತಿಲ್ಲ.

ಹುಡುಗ ಕೇಳಿದ: ಎರಡೂ ತಾಕಿದಾಗ ಕಿಡಿ ಬರುತ್ತದಾ?
ಅವನ ಬಾಯಿ ತುಂಬ ಗುಟ್ಕಾ; ನಾನು ತಿರುಗಿ ಹೇಳಿದೆ.
‘ತಾಕಿದಾಗ ಬರೀ ತುಂಬಿಕೊಂತೈತಿ.
ಬಿಟ್ಟಾಗ ಕಿಡಿ.’
ಇದರಲ್ಲಿ ಏನೋ ಇದೆ ಎಂಬಂತೆ ಹುಡುಗ ನನ್ನ ಮುಖ ನೋಡಿದ.
ಏನಿಲ್ಲ, ಅದು ವೈರಿಂಗು, ಎಂದೆ.

ಸೆಲ್ಫ್ ಹೊಡೆದೆ. ಮತ್ತೆ ಹೊಡೆದೆ.
ಕಮಕ್ ಕಿಮಕ್ ಇಲ್ಲ.
ಗೌಸ್‌ಪೀರ್ ಬೀಡಿಗೆಂದು ಜೇಬು ತಡಕಿದ,
ರೋಟರ್ ಸಿಕ್ಕಿತು.

ಇನ್ನು ಟೈಮಿಂಗು. ಓಡುವ ಎಂಜಿನ್ನಿನಲ್ಲಿ
ಡಿಸ್ಟ್ರಿಬ್ಯೂಟರಿನ ಕತ್ತು ಹಿಡಿದು
ಕೂಸಿನ ತಲೆ ಹೊರಳಿಸಿದಂತೆ ಕೂದಲೆಳೆಯಷ್ಟು.
‘ಈಗ?’
ಶ್ರುತಿ ಇಳೀತು, ಎಂದೆ.
‘ಈಗ?’
ಷಡ್ಜ ಹಿಡಿದೈತಿ, ಆದ್ರೆ ನಡುಕ.
ಕೈ ಬಿಟ್ಟ. ‘ನಂಗ ಅದೆಲ್ಲ ಗೊತ್ತಿಲ್ಲ, ಪೀಪಿ.
ಮಗ್ಗದಾಗ ಹೇಳು. ಲಾಳಿ ಎಲ್ಲಿ ತಡಿತೈತಿ?’

ಮಗ್ಗ ನಾನು ನೋಡಿದವನಲ್ಲ.
ಕಣ್ಣು ಮುಚ್ಚಿ ಹೇಳತೊಡಗಿದೆ:
ಹೋಯ್ತು, ಬಂತು, ಹೋಯ್ತು, ಎಡವಿತು.
ಹೋಯ್ತು, ಬಂತು, ಹೋಯ್ತು, ಎಡವಿತು.
ಹೋಯ್ತು, ಬಂತು, ಹೋಯ್ತು,
ಬಂತು.
ಹೋಯ್ತು, ಬಂತು.

ಕಣ್ಣು ಬಿಟ್ಟಾಗ ಅವನು ನನ್ನ ತುಟಿ ನೋಡುತ್ತಿರಲಿಲ್ಲ.
ಅಂಗೈ ಮಡ್‌ಗಾರ್ಡಿನ ಮೇಲೆ, ಮುಖ ಗೋಡೆಯ ಕಡೆ.
‘ಎರಡನೇ ಪಾಳಿ,’ ಎಂದ.
‘ಊಟದ ಗಂಟಿ ಆದಮ್ಯಾಗ. ಇಡೀ ಸಾಲು ಒಂದೇ ಸಮ.’

ಕೀಲಿ ತಿರುಗಿಸಿದೆ. ನನಗೆ ಸದ್ದು ನಿಂತಿತು,
ಪಕ್ಕದ ಭಟ್ಟಿಯಲ್ಲಿ ಕಾದ ಮರಳು ಹೊರಳುವುದು ಕೇಳಿಸಿತು,
ಅಕ್ಕಿ ಅರಳುವುದೂ.
ಅವನ ಕೈ ಅಲ್ಲೇ ಇತ್ತು, ತಗಡು ಆರುವವರೆಗೆ.

ಇನ್ನೂರು ಕೇಳಿದ, ನೂರೈವತ್ತು ಕೊಟ್ಟೆ.
‘ಹೊಸ ಕಂಡೆನ್ಸರ್ ಹಾಕ್ಸು. ಇಲ್ಲಾಂದ್ರ
ದಸರಾಕ್ಕ ಮತ್ತ ಗುಡ್ಡ ಬೆಳೆದಿರ್ತೈತಿ.’